ಹತ್ತನೆಯ ವಚನವನ್ನೂ ಓದಿ, ಮಕ್ಕಳೇ

ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದರೆ ನಿಮ್ಮ ಪೌಚುಗಳ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಯೆರೆಮೀಯ 29:11 ಕಾಣಿಸಿಕೊಳ್ಳುತ್ತದೆ. ದೇವರು ನಮಗೆ ಒಳ್ಳೆಯದನ್ನೇ ಯೋಚಿಸಿದ್ದಾರೆ ಎಂಬ ಮಾತು ಯಾರಿಗೆ ತಾನೇ ಬೇಡ? ಆದರೆ ಅದರ ಹಿಂದಿನ ವಚನ ಓದಿದವರು ಕೈ ಎತ್ತಿ ಅಂದರೆ ಸಂಡೇ ಸ್ಕೂಲಿನಲ್ಲಿ ಎಲ್ಲರೂ ನೆಲ ನೋಡುತ್ತೀರಿ.

ಅಲ್ಲಿರುವುದು ಎಪ್ಪತ್ತು ವರ್ಷದ ಲೆಕ್ಕ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದ ಪತ್ರ ಅದು. ಇಂದೋ ನಾಳೆಯೋ ಊರಿಗೆ ಮರಳುತ್ತೀರಿ ಎನ್ನುವವರನ್ನು ನಂಬಬೇಡಿ, ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಯಾಗಿರುವ ಆ ಊರಿನ ಕ್ಷೇಮಕ್ಕಾಗಿಯೂ ಬೇಡಿಕೊಳ್ಳಿ ಎನ್ನುತ್ತದೆ. ಇಷ್ಟನ್ನು ಓದಿಕೊಂಡು ಹನ್ನೊಂದನೆಯ ವಚನಕ್ಕೆ ಬನ್ನಿ. ಮಾರ್ಕ್ಸಿಗೂ ಅದಕ್ಕೂ ನಂಟು ಕಡಿಮೆ ಎಂದು ಗೊತ್ತಾಗುತ್ತದೆ. ಪಾಸು ಮಾಡಿಸು ಸ್ವಾಮಿ ಎನ್ನುತ್ತಿದ್ದ ಹುಡುಗ, ಮನಸ್ಸಿಲ್ಲದೆ ಸೇರಿದ ಹಾಸ್ಟೆಲಿಗಾಗಿ, ಆಗದ ರೂಂಮೇಟಿಗಾಗಿ ಪ್ರಾರ್ಥಿಸಬೇಕಾಗುತ್ತದೆ. ಕಷ್ಟವೇ, ಒಪ್ಪುತ್ತೇನೆ.

ಹೊಸ ವರ್ಷದ ಮಧ್ಯರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಎತ್ತುವುದನ್ನು ನಾನು ಬೇಡ ಅನ್ನುವುದಿಲ್ಲ. ನಾನೂ ಎತ್ತುತ್ತೇನೆ, ಒಳ್ಳೆಯದೇ ಬರಲಿ ಎಂಬ ಆಸೆ ನನಗೂ ಇದೆ. ವರ್ಷವಿಡೀ ಹಾಗೆ ಚೀಟಿ ಎತ್ತಿದಂತೆ ಬೈಬಲ್ ಓದುತ್ತಾ ಹೋದರೆ ಮಾತ್ರ ದೇವರಿಗೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಜನವರಿ ಒಂದರಿಂದ ಆದಿಕಾಂಡ ಹಿಡಿದು ಓಡುವವರ ಕಥೆಯೂ ಗೊತ್ತಲ್ಲ, ವಿಮೋಚನಕಾಂಡದಲ್ಲಿ ಗುಡಾರದ ಅಳತೆ ಬರುವ ಹೊತ್ತಿಗೆ ಉಸಿರು ಕಟ್ಟುತ್ತದೆ.

ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಘಟನೆ ಸಾಕು. ಹತ್ತನೆಯ ಅಧ್ಯಾಯದ ಕೊನೆಯ ಬಾರ್ತಿಮಾಯನನ್ನೇ ನೋಡಿ. ಯೆರಿಕೋ ದಾರಿಯ ಪಕ್ಕದಲ್ಲಿ ಕೂತ ಕುರುಡ ಭಿಕ್ಷುಕ. ಕೂಗಿದರೆ ಜನ ಗದರುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸುಸ್ವಾಮಿ ನಿಲ್ಲುತ್ತಾರೆ. ಕರೆ ಬಂದದ್ದೇ ತಡ, ಇವನು ಮೈಮೇಲಿನ ಹೊದಿಕೆಯನ್ನೂ ಬಿಸಾಡಿ ಎದ್ದು ಹೋಗುತ್ತಾನೆ. ಅವನಂಥವನಿಗೆ ಅದು ರಾತ್ರಿಯ ಕಂಬಳಿಯೂ ಆಗಿದ್ದೀತು. ಆಮೇಲೆ ಸ್ವಾಮಿ ಕೇಳುವ ಪ್ರಶ್ನೆ: ನಿನಗೇನು ಮಾಡಬೇಕು? ಕುರುಡನನ್ನು ಕೇಳುವ ಪ್ರಶ್ನೆಯೇ ಅದು, ಎಂದು ನಿಮಗೆ ಅನ್ನಿಸಬೇಕು. ಅನ್ನಿಸಿದಲ್ಲೇ ನಿಲ್ಲಿ. ಪುಸ್ತಕ ಮಡಚಿ, ಅದೇ ಪ್ರಶ್ನೆ ನಿಮಗೆ ಬಂದಿದೆ ಎಂದುಕೊಂಡು ಉತ್ತರ ಹೇಳಿ. ಹೊಸ ಫೋನು ಬೇಕಿದ್ದರೆ ಅದನ್ನೇ ಹೇಳಿ. ಅಪ್ಪ ಕುಡಿಯುವುದು ನಿಲ್ಲಬೇಕಿದ್ದರೆ ಅದನ್ನು ಹೇಳಿ. ಹೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಫ್ರಾನ್ಸಿನಲ್ಲಿ 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೊ ಓದು, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಸಿಟ್ಟು ಬಂದ ದಿನ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ. ಆಗ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆರೇ ವಚನ. ಎಷ್ಟು ಕಾಲ ಹೀಗೆ ಎಂದು ಮೊದಲೆರಡು ವಚನಗಳಲ್ಲೇ ಕೀರ್ತನೆಗಾರ ದೇವರನ್ನು ನಾಲ್ಕು ಸಲ ತರಾಟೆಗೆ ತೆಗೆದುಕೊಂಡಿದ್ದಾನೆ. 88ನೆಯದಂತೂ ಒಂದು ಸಮಾಧಾನದ ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಇವೆರಡನ್ನೂ ಹಿರಿಯರು ಬೈಬಲಿನಿಂದ ಕಿತ್ತುಹಾಕಿಲ್ಲ. ನೀವು ದೇವರ ಮುಂದೆ ನಯವಾಗಿ ನಟಿಸಬೇಕಾಗಿಲ್ಲ.

ಫೋನಿನಲ್ಲಿ ಬೇಡ, ಅಚ್ಚಿನ ಪುಸ್ತಕ ಹಿಡಿಯಿರಿ. ಇಂಗ್ಲಿಷ್ ಮೀಡಿಯಂನವರಿಗೆ ಸತ್ಯವೇದದ ಕನ್ನಡ ತೊಡಕೆನಿಸಿದರೆ ಮನೆಯಲ್ಲಿ ಅಜ್ಜಿಗೆ ಓದಿ ಹೇಳಿ, ತಪ್ಪಿದಲ್ಲಿ ಅವರೇ ತಿದ್ದುತ್ತಾರೆ. ಒಪ್ಪಿಗೆಯಾಗದ ವಚನದ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ ಭಾನುವಾರ ತನ್ನಿ. ಸಭಾಪಾಲಕರನ್ನು ಕೇಳಿ, ನನ್ನನ್ನೂ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇವೆ.