ಎರಡು ಕೀಮೋಗಳ ನಡುವಿನ ಖರ್ಚು

ಹುಬ್ಬಳ್ಳಿಯಲ್ಲಿ ನನಗೆ ಏರಿಸಿದ ಕೀಮೋ ಔಷಧಿಗೆ ನಮ್ಮ ಮನೆಯಿಂದ ಹೋದ ರೊಕ್ಕ ಕಡಿಮೆ. ಬಿಪಿಎಲ್ ಕಾರ್ಡು ಇತ್ತು, ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಪತ್ರ ಬರೆದುಕೊಟ್ಟರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಮ್ಮಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೂ ಚಿಕಿತ್ಸೆ ಮುಗಿಯುವ ಹೊತ್ತಿಗೆ ನಮ್ಮ ಆರ್‌ಡಿ ಖಾಲಿಯಾಗಿತ್ತು, ನನ್ನ ಬಳೆಗಳು ಅಡವಿನಲ್ಲಿದ್ದವು. ಕುಷ್ಟಗಿಯ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಗಾಗಿ ಕೈ ನಡುಗುತ್ತಿದ್ದ ದಿನಗಳಲ್ಲೂ ರೊಕ್ಕ ಎತ್ತ ಹೋಯಿತೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೂರು ವಾರಕ್ಕೊಮ್ಮೆ ಒಂದು ಹಗಲು ಸಲೈನ್ ಬಾಟಲಿಯ ಕೆಳಗೆ ಮಲಗುವುದು, ಮಿಕ್ಕ ಇಪ್ಪತ್ತು ದಿನ ಮನೆಯಲ್ಲಿ ಕಳೆಯುವುದು. ರೊಕ್ಕ ಕರಗಿದ್ದು ಆ ಇಪ್ಪತ್ತು ದಿನಗಳಲ್ಲಿ. ಅವುಗಳಿಗೆ ಯಾವ ಕಾರ್ಡೂ ಇಲ್ಲ.

ಮೊದಲು ರೊಟ್ಟಿಯ ಲೆಕ್ಕ. ಕೀಮೋ ಆದ ಮೇಲಿನ ದಿನಗಳಲ್ಲಿ ಒಲೆಯ ಝಳಕ್ಕೆ ಕಣ್ಣು ಕತ್ತಲಿಡುತ್ತಿತ್ತು, ಒಗ್ಗರಣೆಯ ವಾಸನೆಗೆ ವಾಂತಿ ಬರುತ್ತಿತ್ತು. ಅತ್ತೆಗೆ ಮೊಣಕಾಲು ನೋವು, ಬಹಳ ಹೊತ್ತು ಕುಂತು ರೊಟ್ಟಿ ಬಡಿಯಲಾರರು. ಆದರೂ, ‘ನೀ ಸುಮ್ಕ ಮಲ್ಕೋ ಯವ್ವಾ, ನಾ ನಾಕು ಬಡದು ಹಾಕ್ತೀನಿ’ ಎಂದು ಎರಡು ದಿನ ಬಡಿದು ಮೂರನೆಯ ದಿನ ಏಳದಂತಾದರು. ಆಗ ನಮ್ಮ ಓಣಿಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳಿಗೆ ಹೇಳಿದೆವು. ಒಂದು ರೊಟ್ಟಿಗೆ 10 ರೂಪಾಯಿ. ದಿನಕ್ಕೆ ಹನ್ನೆರಡು ರೊಟ್ಟಿಯಾದರೆ ತಿಂಗಳಿಗೆ 3,600. ಬಟ್ಟೆ ಒಗೆಯಲು, ಭಾಂಡೆ ತಿಕ್ಕಲು ಬರುವವಳ ಪಗಾರ ಬೇರೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕಾಸಿದರೆ ಅದು ಹೋಗುವುದಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತಿದ್ದವಳು ನಾನೇ. ಅದಕ್ಕೂ ಒಬ್ಬ ಹುಡುಗನನ್ನು ಗೊತ್ತು ಮಾಡಬೇಕಾಯಿತು. ಇಷ್ಟು ವರ್ಷ ಸಂಘಕ್ಕೆ ಹೋಗುವ ಮುಂಚೆ, ಬಂದ ಮೇಲೆ ನಾನು ಮಾಡುತ್ತಿದ್ದ ಕೆಲಸ ಯಾವ ಪುಸ್ತಕದಲ್ಲೂ ಜಮಾ ಆಗಿರಲಿಲ್ಲ. ಅದರ ಬೆಲೆ ಎಷ್ಟೆಂದು ಆ ತಿಂಗಳು ಖರ್ಚಿನ ಕಡೆ ಬರೆಯುವಾಗ ಗೊತ್ತಾಯಿತು.

‘ರೊಟ್ಟಿಗೂ ರೊಕ್ಕ ಕೊಡಾಕ ಹತ್ತೀರೇನು?’ ಎಂದು ಬೀಗರ ಪೈಕಿ ಒಬ್ಬರು ಕೇಳಿದರು. ಕೊಡಲೇಬೇಕು. ಕೀಮೋ ನಡೆದಿರುವ ಮನೆಯಲ್ಲಿ ಔಷಧಿಯ ನಂತರದ ಮೊದಲ ಖರ್ಚು ಇದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ರೊಕ್ಕ ಸಾಲದಾದಾಗ ಬಹಳಷ್ಟು ಮನೆಗಳು ಮೊದಲು ಕತ್ತರಿಸುವುದು ಇದನ್ನೇ. ಜೊತೆಗೆ ಚಿಕಿತ್ಸೆ ತಗೊಂಡ ಎಷ್ಟೋ ಹೆಣ್ಣುಮಕ್ಕಳು ನಾಲ್ಕನೆಯ ದಿನಕ್ಕೇ ಒಲೆಯ ಮುಂದೆ ಕುಂತಿದ್ದನ್ನು ಕೇಳಿದ್ದೇನೆ, ಹೊಟ್ಟೆಗೆ ಕಿಚ್ಚು ಬೀಳುತ್ತದೆ. ನಮ್ಮ ಮನೆಯಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದ ತಿಂಗಳು ಅದನ್ನು ನೇರವಾಗಿ ರೊಟ್ಟಿಯ ಖಾತೆಗೇ ಹಾಕಿದೆವು.

ನನಗೇ ಆ ರೊಟ್ಟಿ ತಿನ್ನಲು ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಬಾಯಿ ತುಂಬ ಹುಣ್ಣಾಗಿ ಕಡಕ್ ರೊಟ್ಟಿಯ ಚೂರು ತಾಗಿದರೆ ರಕ್ತ ಬರುತ್ತಿತ್ತು. ಏನು ತಿಂದರೂ ಕಬ್ಬಿಣದ ರುಚಿ. ನನ್ನ ತವರು ಗಂಗಾವತಿ. ಎಡದಂಡೆ ಕಾಲುವೆಯ ನೀರುಂಡ ಸೋನಾ ಮಸೂರಿ ಅಲ್ಲಿಂದ ಅಣ್ಣ ಚೀಲಗಟ್ಟಲೆ ಕಳಿಸಿದ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಮಜ್ಜಿಗೆ, ಹೆಸರುಬೇಳೆಯ ತಿಳಿಸಾರು, ಜೋಳದ ನುಚ್ಚು, ಚೆನ್ನಾಗಿ ಬೇಯಿಸಿದ ತತ್ತಿ, ಇವುಗಳ ಮೇಲೆ ದಿನ ಕಳೆದವು. ಬಂದವರೆಲ್ಲ ಪ್ರೋಟೀನ್ ಪುಡಿಯ ಡಬ್ಬಿ ಕುಡಿಸಿರೆಂದು ಹೇಳುತ್ತಿದ್ದರು. ಆಸ್ಪತ್ರೆಯ ಆಹಾರ ತಜ್ಞೆ ಮಾತ್ರ ತತ್ತಿ, ಬೇಳೆ, ಹಾಲು, ಶೇಂಗಾ ಹೊಟ್ಟೆಗೆ ಹೋಗುತ್ತಿದ್ದರೆ ಡಬ್ಬಿ ಬೇಡ, ಏನೂ ಇಳಿಯದಿದ್ದಾಗ ಕೇಳಿರಿ ಎಂದರು. ಆ ಒಂದು ಪ್ರಶ್ನೆ ಕೇಳಿದ್ದರಿಂದ ಪ್ರತಿ ತಿಂಗಳು ದೊಡ್ಡ ಮೊತ್ತವೇ ಉಳಿಯಿತು.

ಉಳಿದ ರೊಕ್ಕದಿಂದ ಜ್ವರದ ಲಕೋಟೆ ಮಾಡಿದೆವು. ಕೀಮೋ ಆದ ಒಂದರಿಂದ ಎರಡು ವಾರದೊಳಗೆ ರಕ್ತದ ಬಿಳಿಕಣಗಳು ತೀರ ಇಳಿಯುತ್ತವೆ. ಆಗ ಮೈ ಕಾವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಗುಳಿಗೆ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ, ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ಎಟಿಎಂ ಹುಡುಕುತ್ತ ತಿರುಗಲಾಗದು. ಗಾಡಿಯ ಬಾಡಿಗೆ, ರಕ್ತ ಪರೀಕ್ಷೆ, ಅಡ್ವಾನ್ಸ್ ಎಲ್ಲಕ್ಕೂ ಸಾಲುವಷ್ಟು ನಗದು ತಿಜೋರಿಯಲ್ಲಿ ಇಟ್ಟೆವು. ಲಕೋಟೆಯ ಮೇಲೆ ಪರಿಚಯದ ಗಾಡಿಯವನ ನಂಬರು, ಕೀಮೋ ವಾರ್ಡಿನ ನಂಬರು, ಜೊತೆಗೆ 108. ಒಂದು ರಾತ್ರಿ ಆ ಲಕೋಟೆ ತೆಗೆಯಬೇಕಾಗಿ ಬಂತು. ಮರುದಿನವೇ ಅದನ್ನು ಮತ್ತೆ ತುಂಬಿಸಿದೆವು. ಬೇರೆ ಯಾವ ಖರ್ಚಿಗೂ ಅದನ್ನು ಮುಟ್ಟಕೂಡದೆಂದು ನನ್ನ ಯಜಮಾನರಿಗೆ ಆಣೆ ಹಾಕಿಸಿದ್ದೆ.

ಮಾತಾಡಿಸಲು ಬರುವವರ ವಿಷಯ ಬರೆಯುವುದು ಕಷ್ಟ. ಎಲ್ಲರೂ ಪ್ರೀತಿಯಿಂದಲೇ ಬಂದವರು. ಆದರೆ ಬಂದವರಿಗೆ ಚಹಾ ಮಾಡಬೇಕು, ಊರಿಂದ ಬಂದವರಿಗೆ ಊಟ ಹಾಕಬೇಕು. ಹಾಲು, ಸಕ್ಕರೆಯ ಲೆಕ್ಕ ಆ ತಿಂಗಳುಗಳಲ್ಲಿ ಸುಮಾರು ಎರಡು ಪಟ್ಟಾಯಿತು. ಕೆಮ್ಮು, ನೆಗಡಿ ಹೊತ್ತು ಬಂದವರಿಂದ ಅಪಾಯ ಬೇರೆ. ಕೊನೆಗೆ ನನ್ನ ನಾದಿನಿ ಎಲ್ಲರಿಗೂ ಫೋನು ಮಾಡಿ, ‘ನೆಗಡಿ ಇದ್ರ ಬರಬ್ಯಾಡ್ರಿ, ಬರೋದಾದ್ರ ಹಣ್ಣು ತರಬ್ಯಾಡ್ರಿ, ಒಂದೊತ್ತಿನ ಬುತ್ತಿ ಕಟಗೊಂಡು ಬರ್ರಿ’ ಎಂದಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸಜ್ಜಿ ರೊಟ್ಟಿ, ಮೊಸರನ್ನ, ಹಿಟ್ಟಿನ ಪಲ್ಲೆ ಬಂದವು. ಹೋಗುವಾಗ ಕೈಯಲ್ಲಿಟ್ಟ ರೊಕ್ಕವನ್ನು ಮುಯ್ಯಿ ಬರೆದಂತೆಯೇ ಹೆಸರು ಹಾಕಿ ಬರೆದಿಟ್ಟಿದ್ದೇನೆ. ಅವರ ಮನೆಯಲ್ಲಿ ಕಷ್ಟ ಬಂದಾಗ ಅದು ತಿರುಗಿ ಹೋಗಬೇಕಾದ ರೊಕ್ಕ.

ಹೋಗಿಬರುವ ಖರ್ಚಿನಲ್ಲಿ ನಮಗೆ ದೊಡ್ಡ ಆಸರೆಯಾದದ್ದು ರೈಲು. 2025ರ ಮೇ 15ರಂದು ಕುಷ್ಟಗಿಗೆ ಮೊದಲ ಸಲ ರೈಲು ಬಂತು, ಯಲಬುರ್ಗಾ, ಕುಕನೂರು, ಗದಗ ದಾಟಿ ಹುಬ್ಬಳ್ಳಿಗೆ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯೇ, ಆದರೂ ನಾನು ರೈಲನ್ನೇ ಆರಿಸಿಕೊಂಡೆ. ಔಷಧಿ ಏರಿದ ಮೈಗೆ ಕಾಲು ಚಾಚುವಷ್ಟು ಜಾಗ ಬೇಕು, ಸಂಡಾಸ ಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರಿಗೆ ಇನ್ನೊಂದು ಮಾತು. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಯ ಪ್ರಯಾಣದಲ್ಲಿ ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆ ತುಂಬಿಕೊಡುವ ನಿಗದಿತ ಫಾರ್ಮು ಬೇಕು. ಯಲಬುರ್ಗಾದಿಂದ ಹತ್ತುತ್ತಿದ್ದ ಒಬ್ಬ ಹಿರಿಯರಿಗೆ ಇದು ಗೊತ್ತಿರಲಿಲ್ಲ, ಅಷ್ಟೂ ದಿನ ಪೂರ್ತಿ ದುಡ್ಡು ಕೊಟ್ಟೇ ಬೆಂಗಳೂರಿಗೆ ಹೋಗಿಬಂದಿದ್ದರು. ಡಿಸ್‌ಚಾರ್ಜ್ ಕಾಗದದ ಜೊತೆ ಈ ಫಾರ್ಮನ್ನೂ ಕೈಗಿಡುವ ಪದ್ಧತಿ ಎಲ್ಲ ಕಡೆ ಬರಬೇಕು.

ಎಲ್ಲಕ್ಕಿಂತ ಭಾರವಾದದ್ದು ಬರದೇ ಹೋದ ರೊಕ್ಕ. ನನ್ನ ರಜೆ ಮುಗಿದ ಮೇಲೆ ಪಗಾರ ನಿಂತಿತು. ಯಜಮಾನರದು ಬೋರ್‌ವೆಲ್ ಮೋಟಾರು ಸುತ್ತುವ ಅಂಗಡಿ, ಬಾಗಿಲು ತೆರೆಯದ ದಿನ ದುಡಿಮೆ ಇಲ್ಲ. ಗಿಣಿಗೇರಿ ಸುತ್ತಿನ ಕಾರ್ಖಾನೆಗಳಲ್ಲಿ ದುಡಿಯುವವರು ತಮ್ಮ ಪಗಾರ ಚೀಟಿಯನ್ನು ಒಮ್ಮೆ ನೋಡಿಕೊಳ್ಳಲಿ. ಇಎಸ್‌ಐ ಕಡಿತವಾಗುತ್ತಿದ್ದರೆ, ಎರಡು ವರ್ಷ ಸತತ ವಿಮೆಯಲ್ಲಿದ್ದವರಿಗೆ ಕ್ಯಾನ್ಸರಿನಂಥ ರೋಗದಲ್ಲಿ ಕೂಲಿಯ ಶೇ 80ರಷ್ಟು ಎರಡು ವರ್ಷದವರೆಗೂ ಸಿಗುತ್ತದೆ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರಿಗೆ ಅಂಥ ಚೀಟಿಯೇ ಇರುವುದಿಲ್ಲ. ಅವರ ಮನೆಯಲ್ಲಿ ಈ ರೋಗ ಬಂದರೆ ಮೂರನೆಯ ವಾರಕ್ಕೇ ಕೈಸಾಲ ಶುರುವಾಗುತ್ತದೆ. ತಿಂಗಳಿಗೆ ನೂರಕ್ಕೆ ಐದರ ಬಡ್ಡಿ ಎಂದರೆ ವರ್ಷಕ್ಕೆ 60.

ಎರಡೆಕರೆ ಎರೆ ಹೊಲ ಮಾರೋಣವೆಂಬ ಮಾತು ನಮ್ಮಲ್ಲೂ ಬಂತು. ನಾನು ಬೇಡವೆಂದೆ. ಕೀಮೋದ ಖರ್ಚು ಒಮ್ಮೆಲೇ ಬರುವುದಿಲ್ಲ, ಮೂರು ವಾರಕ್ಕೊಮ್ಮೆ ಕಂತಿನಂತೆ ಬರುತ್ತದೆ. ಹೊಲ ಮಾರಿದರೆ ರೊಕ್ಕ ಒಮ್ಮೆಲೇ ಬಂದು ಹತ್ತು ದಿಕ್ಕಿಗೆ ಹರಿದುಹೋಗುತ್ತದೆ. ಆಪತ್ತಿನಲ್ಲಿರುವವರ ಹೊಲಕ್ಕೆ ಸರಿಯಾದ ಬೆಲೆ ಕಟ್ಟುವವರೂ ಇಲ್ಲ. ಬಳೆಯಾದರೆ ಒಂದೊಂದೇ ಜೊತೆ ಅಡವಿಡಬಹುದು. ಬಡ್ಡಿಯನ್ನು ಮಾತ್ರ ತಿಂಗಳು ತಿಂಗಳು ಕಟ್ಟಿದೆವು, ಬೆಳೆಯಲು ಬಿಡಲಿಲ್ಲ. ಎರಡು ಜೊತೆಯಲ್ಲಿ ಒಂದನ್ನು ಈಗ ಬಿಡಿಸಿಕೊಂಡಿದ್ದೇವೆ.

ಎಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಿಗುವುದು ಪ್ಯಾಕೇಜಿನ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಅಂಥವರು ಮೈ ಗಟ್ಟಿ ಇರುವಾಗಲೇ ಆರೋಗ್ಯ ವಿಮೆ ಮಾಡಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಆಸ್ಪತ್ರೆಯ ಬಿಲ್ಲು ತೀರಿಸುವ ಪಾಲಿಸಿ ನಾನು ಮೇಲೆ ಬರೆದ ರೊಟ್ಟಿ, ನೀರು, ನಿಂತ ಪಗಾರಕ್ಕೆ ಬರುವುದಿಲ್ಲ. ರೋಗ ಪತ್ತೆಯಾದಾಗ ಇಡಿಗಂಟು ಕೊಡುವ ಗಂಭೀರ ಕಾಯಿಲೆಯ ಪಾಲಿಸಿ ಅವುಗಳಿಗೆ ಒದಗುತ್ತದೆ. ಯಾವ ಹಂತದ ಕ್ಯಾನ್ಸರಿಗೆ ಕೊಡುತ್ತಾರೆ, ಯಾವುದಕ್ಕೆ ಇಲ್ಲ ಎಂಬ ಪುಟವನ್ನು ಓದಿಯೇ ಸಹಿ ಮಾಡಿರಿ.

ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಕೊಪ್ಪಳದಲ್ಲೇ ಕೀಮೋ ಸಿಕ್ಕರೆ ಯಜಮಾನರಂಥವರು ಅಂಗಡಿಯನ್ನು ಅರ್ಧ ದಿನವಾದರೂ ತೆರೆಯಬಹುದು. ನನಗೀಗ ದಿನಕ್ಕೊಂದು ಹಾರ್ಮೋನ್ ಗುಳಿಗೆ, ಕನಿಷ್ಠ ಐದು ವರ್ಷ. ಅದರ ಬೆಲೆಯನ್ನು ತಿಂಗಳ ಸಂತೆಯ ಚೀಟಿಯಲ್ಲೇ ಸೇರಿಸಿದ್ದೇನೆ. ರೊಟ್ಟಿಯವಳನ್ನು ಬಿಡಿಸಿಲ್ಲ. ಹೋದ ವಾರ, ‘ಜ್ವಾಳದ ರೇಟು ಏರೈತಿ ಯಕ್ಕಾ, ಹನ್ನೊಂದು ಮಾಡ್ರಿ’ ಎಂದಳು. ಮಾಡಿದೆವು.