ಕಂಡದ್ದು, ಊಹಿಸಿದ್ದು: ‘ಶಕುಂತಲೆ’ ಚಿತ್ರದೊಂದಿಗೆ ಒಂದು ವಿಜ್ಞಾನ ಪಾಠ

ತರಗತಿ: 9 (ಕನ್ನೊಳ್ಳಿ, ಸಿಂದಗಿ ತಾಲೂಕು)
ಅವಧಿ: 40 ನಿಮಿಷ
ಬೋಧನೋಪಕರಣ: ರಾಜಾ ರವಿವರ್ಮರ ‘ಶಕುಂತಲೆ’ (1898) ಚಿತ್ರದ ಬಣ್ಣದ ಪ್ರತಿ
ಉದ್ದೇಶ: ವೀಕ್ಷಣೆಯನ್ನೂ ಊಹೆಯನ್ನೂ ವಿದ್ಯಾರ್ಥಿಗಳು ಬೇರ್ಪಡಿಸಿ ಬರೆಯುವರು.

ಪೀಠಿಕೆ: ರವಿವರ್ಮರು (1848–1906) ಪುರಾಣ, ಕಾವ್ಯಗಳ ಪ್ರಸಂಗಗಳನ್ನು ತೈಲವರ್ಣದಲ್ಲಿ ಚಿತ್ರಿಸಿದರು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವರ ಚಿತ್ರಗಳ ಪ್ರತಿಗಳು ಸಾಮಾನ್ಯರ ಮನೆಯ ಗೋಡೆಗಳಿಗೂ ಬಂದವು. ಶಕುಂತಲೆಯ ಕಥೆ ಹಲವು ಮಕ್ಕಳಿಗೆ ಗೊತ್ತಿತ್ತು.

ಪಾಠದ ಬೆಳವಣಿಗೆ: ಕಪ್ಪುಹಲಗೆಯ ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಊಹಿಸಿದ್ದು’ ಎಂದು ಬರೆದೆ. ಏನು ಕಾಣುತ್ತದೆ ಎಂದು ಕೇಳಿದಾಗ ಬಂದ ಮೊದಲ ಉತ್ತರ, “ದುಷ್ಯಂತನ್ನ ನೋಡಾಕತ್ತಾಳ್ರಿ.” ದುಷ್ಯಂತ ಚಿತ್ರದಲ್ಲಿಲ್ಲ. “ಕಾಲಿಗೆ ಮುಳ್ಳು ಚುಚ್ಚೇತ್ರಿ.” ಹುಡುಕಿದರು, ಮುಳ್ಳೂ ಸಿಗಲಿಲ್ಲ. ಎರಡೂ ಬಲಕ್ಕೆ ಹೋದವು. ಎಡಕ್ಕೆ ಉಳಿದವು ಹಿಂದೆ ತಿರುಗಿದ ಮುಖ, ಎತ್ತಿದ ಕಾಲು, ಗೆಳತಿಯ ಹೆಗಲ ಮೇಲಿಟ್ಟ ಕೈ.

ಆಗ ಒಬ್ಬಳು ಎದ್ದು, “ಮುಳ್ಳಿಲ್ಲಂತ ಗೆಳತಿಗೆ ಗೊತ್ತಿರ್ತೈತ್ರಿ. ಆದ್ರೂ ಹೆಗಲು ಕೊಟ್ಟು ನಿಂತಾಳ” ಎಂದಳು. ಮೊದಲ ಮಾತು ಊಹೆ, ಎರಡನೆಯದು ವೀಕ್ಷಣೆ ಎಂದು ತರಗತಿಯೇ ವಿಂಗಡಿಸಿತು. ಉದ್ದೇಶ ಈಡೇರಿತು.

ಗಂಟೆ ಹೊಡೆಯುವಾಗ ಇನ್ನೊಬ್ಬಳು ಕೇಳಿದಳು: “ಆ ಗೆಳತ್ಯಾರು ಆಮ್ಯಾಲ ಏನಾದ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಕಾಳಿದಾಸನ ನಾಟಕದ ಅನುವಾದ ತೆಗೆದು ನೋಡಿದೆ. ನಾಲ್ಕನೆಯ ಅಂಕದಲ್ಲಿ ಶಕುಂತಲೆ ಗಂಡನ ಮನೆಗೆ ಹೊರಡುತ್ತಾಳೆ. ಅನಸೂಯೆ, ಪ್ರಿಯಂವದೆಯರನ್ನೂ ಮದುವೆ ಮಾಡಿಕೊಡಬೇಕಿದೆ, ಅವರು ಜೊತೆಗೆ ಹೋಗುವುದು ತಕ್ಕುದಲ್ಲ ಎಂದು ಕಣ್ವರು ತಡೆಯುತ್ತಾರೆ. ಮುಂದಿನ ಮೂರು ಅಂಕಗಳಲ್ಲಿ ಆ ಗೆಳತಿಯರು ಮತ್ತೆ ಬರುವುದೇ ಇಲ್ಲ.

ಮರುದಿನ ಇದನ್ನು ಹೇಳಿದೆ. ಪ್ರಶ್ನೆ ಕೇಳಿದವಳು ಪಕ್ಕದ ಖಾಲಿ ಜಾಗದ ಮೇಲೆ ಕೈಯಿಟ್ಟು, “ಹಂಗಾದ್ರ ನಮ್ಮಾಕಿನೂ ಬರೂದಿಲ್ಲೇನ್ರಿ?” ಎಂದಳು.

ಸ್ವವಿಮರ್ಶೆ: ಆ ಹುಡುಗಿಯ ಹೆಸರಿನ ಮುಂದೆ ಒಂಬತ್ತು ದಿನ ‘ಗೈರು’ ಎಂದು ಬರೆದವಳು ನಾನೇ. ಕಂಡದ್ದನ್ನು ದಾಖಲಿಸಿದ್ದೆ, ಕಾರಣ ವಿಚಾರಿಸಿರಲಿಲ್ಲ. ಅಂದೇ ತರಗತಿ ಶಿಕ್ಷಕರಿಗೆ ತಿಳಿಸಿದೆ. ಸಂಜೆ ಇಬ್ಬರೂ ಅವಳ ಮನೆಗೆ ಹೋದೆವು. ಮದುವೆಯ ಮಾತು ನಡೆದಿತ್ತು. 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧವೆಂದು ಶಿಕ್ಷಕರು ತಾಳ್ಮೆಯಿಂದ ತಿಳಿಹೇಳಿದರು. ತಾಯಿ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಮುಖ್ಯೋಪಾಧ್ಯಾಯರು ಈಗ ಮನೆಯವರೊಂದಿಗೆ ಮಾತಾಡುತ್ತಿದ್ದಾರೆ. ಮಕ್ಕಳ ಸಹಾಯವಾಣಿ 1098 ಶಾಲೆಯ ಗೋಡೆಯ ಮೇಲಿದೆ.

ಮುಂದಿನ ಬಾರಿಗೆ ತಿದ್ದುಪಡಿ: ಚಿತ್ರ ನೋಡಲು ಎರಡು ಅವಧಿ ಬೇಕು. ಸತತ ಮೂರು ದಿನ ಗೈರಾದರೆ ಕಾರಣವನ್ನು ಮೊದಲು ಪಕ್ಕದಲ್ಲಿ ಕೂಡುವ ಗೆಳತಿಯನ್ನು ಕೇಳಬೇಕು.