ನಮ್ಮ ಮಗೂದು ಎಲ್ಲಪ್ಪಾ?

ಹೊಸ ಕ್ಯಾಮೆರಾ ಕೊಂಡಿದ್ದೀಯ. ನಂಜನಗೂಡಿನಿಂದ ತಿರುಮಕೂಡಲಿನವರೆಗೆ ಮದುವೆಗಳನ್ನೂ ಒಪ್ಪಿಕೊಂಡಿದ್ದೀಯ. ಸಂತೋಷ ಕಣಪ್ಪ. ಲೆನ್ಸಿನ ವಿಚಾರ ನಿನಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ಮುಖದ ಬಣ್ಣದ ಮಾತು.

"ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಸಾರ್." ಈ ಮಾತು ಕೇಳದ ಸ್ಟುಡಿಯೋ ನಮ್ಮ ಕಡೆ ಇಲ್ಲ. ನಾನೂ ಮಾಡಿಕೊಟ್ಟಿದ್ದೇನೆ. ಎಣ್ಣೆಗೆಂಪು ಬಣ್ಣದ, ಲಕ್ಷಣವಾದ ಹುಡುಗಿಯೊಬ್ಬಳನ್ನು ಆಲ್ಬಮ್ ತುಂಬ ಸುಣ್ಣ ಬಳಿದ ಹಾಗೆ ಬಿಳಿಚಿಸಿ ಕೊಟ್ಟೆ. ಅವಳ ಅಜ್ಜಿ ಒಂದೊಂದೇ ಪುಟ ತಿರುವಿ, "ನಮ್ಮ ಮಗೂದು ಎಲ್ಲಪ್ಪಾ?" ಅಂದರು. ಮತ್ತೊಮ್ಮೆ ನೋಡಿದೆ. ಗೋರಂಟಿ ಹಚ್ಚಿದ ಕೈಗಳು ತಮ್ಮ ಬಣ್ಣದಲ್ಲೇ ಇದ್ದವು, ಮುಖ ಮಾತ್ರ ಯಾರದೋ ಆಗಿತ್ತು. ಆ ಮನೆಗೆ ನಾನು ಮಾಡಿದ್ದು ಅನ್ಯಾಯ.

ತಪ್ಪು ಕಂಪ್ಯೂಟರಿನ ಮುಂದೆ ಶುರುವಾಗುವುದಿಲ್ಲ, ಕ್ಲಿಕ್ ಮಾಡುವಾಗಲೇ ಆಗಿರುತ್ತದೆ. ಕ್ಯಾಮೆರಾದ ಮೀಟರಿಗೆ ಮುಖ ಯಾವುದು, ಬಟ್ಟೆ ಯಾವುದು ಅನ್ನುವುದು ತಿಳಿಯದು. ಎದುರಿಗಿರುವುದನ್ನೆಲ್ಲ ಬೂದುಬಣ್ಣದ ಮಟ್ಟಕ್ಕೆ ತರುವುದೊಂದೇ ಅದರ ಕೆಲಸ. ವರ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ನಿಂತರೆ ಅದು ಬೆಳಕು ಇಳಿಸುತ್ತದೆ, ಅವನ ಮುಖ ಕಪ್ಪಿಡುತ್ತದೆ. ಆಮೇಲೆ ಆ ಕತ್ತಲಿನಿಂದ ಮುಖವನ್ನು ಎತ್ತಲು ಹೋದಾಗಲೇ ಚರ್ಮ ಬೂದಿ ಬಳಿದಂತಾಗುವುದು. ಅದಕ್ಕೇ ಸ್ಪಾಟ್ ಮೀಟರನ್ನು ಕೆನ್ನೆಯ ಮೇಲಿಡು. ಕಪ್ಪು ಮೈಬಣ್ಣದವರಾದರೆ ಮೀಟರ್ ಹೇಳಿದ್ದಕ್ಕಿಂತ ಸುಮಾರು ಒಂದು ಸ್ಟಾಪ್ ಇಳಿಸು, ತೀರಾ ಬೆಳ್ಳಗಿದ್ದರೆ ಒಂದು ಸ್ಟಾಪ್ ಏರಿಸು. ಕಪ್ಪು ಮುಖಕ್ಕೆ ಬೇಕಾದದ್ದು ಹೆಚ್ಚು ಬೆಳಕಲ್ಲ, ಅಗಲವಾದ, ಮೆತ್ತನೆಯ ಬೆಳಕು. ನೇರ ಫ್ಲ್ಯಾಶ್ ಹೊಡೆದರೆ ಹಣೆ, ಮೂಗು ಎಣ್ಣೆಯಂತೆ ಮಿಂಚುತ್ತವೆ. ಬಿಳಿ ಪಂಚೆಯೊಂದನ್ನು ಅಡ್ಡ ಹಿಡಿಸಿ, ಫ್ಲ್ಯಾಶನ್ನು ಅದಕ್ಕೆ ಹೊಡೆದು ನೋಡು. ಕೆನ್ನೆಯ ಏರಿಳಿತ ಆಗ ಕಾಣುತ್ತದೆ.

ಇನ್ನು ಜಾಗ. ಗದ್ದೆ ಬದಿ, ತೆಂಗಿನ ತೋಟ ನೋಡಲು ಚೆನ್ನ, ಆದರೆ ಎಲೆಯ ಹಸಿರು ಕತ್ತಿನ ಕೆಳಗೆಲ್ಲ ಇಳಿದಿರುತ್ತದೆ. ಕೆಂಪು ಶಾಮಿಯಾನದಡಿ ಎಲ್ಲರೂ ಜ್ವರ ಬಂದವರಂತೆ ಕಾಣುತ್ತಾರೆ. ಛತ್ರದೊಳಗೆ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಎಲ್‌ಇಡಿ, ಕಿಟಕಿಯಲ್ಲಿ ಹಗಲು. ಮೂರೂ ಬೆರೆತ ಮುಖಕ್ಕೆ ಯಾವ ವೈಟ್ ಬ್ಯಾಲೆನ್ಸೂ ಹೊಂದದು, ಆದಷ್ಟು ದೀಪ ಆರಿಸಿ ಒಂದೇ ಬಗೆಯ ಬೆಳಕು ಉಳಿಸಿಕೊ. ನಂಜನಗೂಡಿನಲ್ಲಿ ಕಪಿಲೆಯ ದಡದ ಕಲ್ಲುಮಂಟಪಗಳ ನೆರಳಿಗೆ ಸಾಟಿಯಿಲ್ಲ. ಆ ಬೂದುಗಲ್ಲು ತನ್ನ ಬಣ್ಣವನ್ನು ಮುಖಕ್ಕೆ ಅಂಟಿಸುವುದಿಲ್ಲ. ತಿರುಮಕೂಡಲಿನ ಸಂಗಮದಲ್ಲಾದರೆ ಇಳಿಹೊತ್ತಿನ ಮರಳೇ ಗಲ್ಲದಡಿಗೆ ಬೆಚ್ಚನೆಯ ಬೆಳಕು ಎರಚುತ್ತದೆ. ಅರಿಶಿನ ಶಾಸ್ತ್ರದಲ್ಲಿ ಮಾತ್ರ ಆಟೋ ವೈಟ್ ಬ್ಯಾಲೆನ್ಸನ್ನು ನಂಬಬೇಡ. ಮದುಮಗಳ ಕೆನ್ನೆಯ ಹಳದಿಯನ್ನು ಅದು ದೋಷವೆಂದು ತಿಳಿದು ತೊಳೆದುಬಿಡುತ್ತದೆ. ಮೊದಲೇ ಗ್ರೇ ಕಾರ್ಡ್ ಹಿಡಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿಕೊ.

ಅಳತೆಯಲ್ಲೇ ತಪ್ಪಿದ್ದ ಕಾಲವೂ ಇತ್ತು. ಹಿಂದೆ ಕೊಡಕ್ ಕಂಪನಿ ಕಲರ್ ಲ್ಯಾಬುಗಳಿಗೆ ಅಳತೆಗೆಂದು ಕೊಡುತ್ತಿದ್ದ ಷರ್ಲಿ ಕಾರ್ಡಿನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಕಪ್ಪು ಮೈಯವರು ಆ ಅಳತೆಯಿಂದ ಹೊರಗೇ ಉಳಿದರು. ಈಗ ಅಳತೆ ಹಿಗ್ಗಿದೆ: 2022ರಲ್ಲಿ ಗೂಗಲ್ ಪ್ರಕಟಿಸಿದ ಮಾಂಕ್ ಸ್ಕೇಲಿನಲ್ಲಿ 10 ಮೈಬಣ್ಣಗಳಿವೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ವಿಡಿಯೋದವರು ಬಣ್ಣ ಅಳೆಯುವ ವೆಕ್ಟರ್‌ಸ್ಕೋಪಿನಲ್ಲಿ ಕಪ್ಪು, ಗೋಧಿ, ಬಿಳಿ, ಯಾವ ಮೈಬಣ್ಣವಾದರೂ ಹೆಚ್ಚುಕಡಿಮೆ ಒಂದೇ ಗೆರೆಯ ಹತ್ತಿರ ಬೀಳುತ್ತದೆ. ವ್ಯತ್ಯಾಸವೆಲ್ಲ ಎಷ್ಟು ಗಾಢ, ಎಷ್ಟು ತಿಳಿ ಅನ್ನುವುದರಲ್ಲಿ. ಆ ಗೆರೆ ತಪ್ಪಿದ ಮುಖಕ್ಕೇ ರೋಗಿಯ ಕಳೆ ಬರುವುದು.

ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡು. ಇದ್ದ ಬೆಳಕಿನಲ್ಲೇ ಸಾಮಾನ್ಯ ಜನರ ಮುಖ ಎಷ್ಟು ಘನವಾಗಿ ಕಾಣುತ್ತದೆ ಅಂತ ತಿಳಿಯುತ್ತದೆ.

ಗಿರಾಕಿ ಬೆಳ್ಳಗೆ ಮಾಡಿ ಅಂದರೆ ಜಗಳವಾಡಬೇಡ. ಬೆಳಕನ್ನು ಸರಿಯಾಗಿ ಕೊಟ್ಟ ಒಂದು ಚಿತ್ರ ತೋರಿಸು, ಬಹುಪಾಲು ಜನ ಅದನ್ನೇ ಆರಿಸಿಕೊಳ್ಳುತ್ತಾರೆ. ಮೊದಲ ಮದುವೆಗೆ ಹೋಗುವ ಮುನ್ನ ಒಂದು ಕೆಲಸ ಮಾಡು. ನಿಮ್ಮಜ್ಜಿಯನ್ನು ಜಗುಲಿಯ ನೆರಳಲ್ಲಿ ಕೂರಿಸಿ ಒಂದು ಪಟ ತೆಗೆ. ಪ್ರಿಂಟ್ ಹಾಕಿಸಿ, ಅವರ ಕೆನ್ನೆಯ ಪಕ್ಕಕ್ಕೇ ಹಿಡಿದು ನೋಡು. ಎರಡೂ ಒಂದೇ ಆಗುವ ತನಕ ತೆಗೆ.